ಗುಲ್ಮರ್ಗ್‌ನ ನಾನಾ ಹಿಮಕ್ಕೆ ಒಂದು ಬೋರ್ಡ್: ಆಯ್ಕೆಯ ದಿನಚರಿ

ಮೊದಲ ದಿನ: ಬೆಂಗಳೂರಿನಿಂದ ಗುಲ್ಮರ್ಗ್‌ಗೆ

ಎರಡೂ ಪಾದ ಕಟ್ಟಿಕೊಂಡು ಹಿಮದಲ್ಲಿ ಜಾರುವ ಸ್ನೋಬೋರ್ಡ್‌ಗಳಲ್ಲಿ ಯಾವುದು ಎಲ್ಲ ಬಗೆಯ ಹಿಮಕ್ಕೂ ಆದೀತು ಎಂದು ನೋಡಲು ಹೊರಟದ್ದು. ಫೆಬ್ರವರಿಯ ಮೊದಲ ವಾರವನ್ನು ಬೇಕೆಂದೇ ಆರಿಸಿಕೊಂಡಿದ್ದು. ಕಾಶ್ಮೀರಿಗಳು ಚಿಲ್ಲಾಯಿ ಕಲಾನ್ ಎನ್ನುವ 40 ದಿನಗಳ ಕಡುಚಳಿ ಡಿಸೆಂಬರ್ 21ಕ್ಕೆ ಶುರುವಾಗಿ ಜನವರಿ ಕೊನೆಗೆ ಮುಗಿಯುತ್ತದೆ. ಅದರ ಬೆನ್ನಿಗೇ 20 ದಿನಗಳ ಚಿಲ್ಲಾಯಿ ಖುರ್ದ್. ಆ ಹೊತ್ತಿಗೆ ತಳದ ಹಿಮ ಚೆನ್ನಾಗಿ ಕೂತಿರುತ್ತದೆ, ಮೇಲೆ ಹೊಸ ಹಿಮ ಬೀಳುತ್ತಲೂ ಇರುತ್ತದೆ, ಮಧ್ಯಾಹ್ನದ ಬಿಸಿಲಿಗೆ ಒಂದಿಷ್ಟು ಕಾವು ಬಂದಿರುತ್ತದೆ. ಹೀಗಾಗಿ ಒಂದೇ ವಾರದಲ್ಲಿ ಎಲ್ಲ ಬಗೆಯ ಹಿಮವೂ ಸಿಗುತ್ತದೆ. ಇದಕ್ಕಿಂತ ಮುಂಚೆ ಬಂದರೆ ಅದೃಷ್ಟದ ಮಾತು: 2024ರ ಜನವರಿಯಲ್ಲಿ ಗುಲ್ಮರ್ಗ್‌ನ ಇಳಿಜಾರುಗಳು ಬಹುಪಾಲು ಬರಿದಾಗಿದ್ದವು, ತಿಂಗಳ ಕೊನೆಗಷ್ಟೇ ಹಿಮ ಬಿತ್ತು.

ವಿಮಾನಕ್ಕೆ ಬೋರ್ಡ್ ಚೀಲದ ಉದ್ದ 165 ಸೆಂ.ಮೀ. ಇದ್ದರೆ ಸಾಕು. ಬೂಟನ್ನು ಬೋರ್ಡಿಗೆ ಕಟ್ಟುವ ಬೈಂಡಿಂಗ್ ಬಿಚ್ಚಿಟ್ಟರೆ ಅದರಲ್ಲಿ ಎರಡು ಬೋರ್ಡ್ ತಳಕ್ಕೆ ತಳ ತಾಗುವಂತೆ ಕೂರುತ್ತವೆ, ನಡುವೆ ಒಂದು ಟವೆಲ್ ಹಾಸಬೇಕು. ಸ್ಕ್ರೂಗಳನ್ನು ಜಿಪ್ ಇರುವ ಪುಟ್ಟ ಚೀಲಕ್ಕೆ ಹಾಕಿ ಬೂಟಿನೊಳಗೆ ತುರುಕಿಡಿ. ಬೂಟು ಮಾತ್ರ ಕೈಚೀಲದಲ್ಲೇ ಬರಲಿ. ಬೋರ್ಡ್ ತಡವಾಗಿ ಬಂದರೆ ಬಾಡಿಗೆಗೆ ಸಿಗುತ್ತದೆ, ಕಾಲಿಗೆ ಒಗ್ಗಿದ ಬೂಟು ಸಿಗುವುದಿಲ್ಲ. ಹೊರರಾಜ್ಯದ ಪ್ರಿಪೇಯ್ಡ್ ಸಿಮ್ ಜಮ್ಮು ಕಾಶ್ಮೀರದಲ್ಲಿ ನಡೆಯುವುದಿಲ್ಲ, ತಂಡದಲ್ಲಿ ಒಬ್ಬರ ಬಳಿಯಾದರೂ ಪೋಸ್ಟ್‌ಪೇಯ್ಡ್ ಇರಬೇಕು.

ಶ್ರೀನಗರದಿಂದ ಗುಲ್ಮರ್ಗ್‌ಗೆ ಸುಮಾರು 50 ಕಿ.ಮೀ. ಕೊನೆಯ 13 ಕಿ.ಮೀ. ಟಂಗ್ಮರ್ಗ್‌ನಿಂದ ಏರುದಾರಿ. ಹಿಮ ಬಿದ್ದ ದಿನ ಅಲ್ಲಿ ಗಾಡಿ ಬದಲಿಸಿ, ಟೈರಿಗೆ ಸರಪಳಿ ಕಟ್ಟಿದ ಜೀಪ್ ಹತ್ತಬೇಕಾಗುತ್ತದೆ.

ಈ ಪ್ರವಾಸಕ್ಕೆ ಮೂರು ಬೋರ್ಡ್‌ಗಳಿದ್ದವು. ಓಡಿಸುವವರೆಲ್ಲ 70 ಕೆ.ಜಿ. ಆಸುಪಾಸಿನವರು, ಬೂಟಿನ ಅಳತೆಯೂ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಅದಲು ಬದಲು ಮಾಡಿ ಹೋಲಿಸಲು ಅಡ್ಡಿಯಿರಲಿಲ್ಲ. ಮೊದಲನೆಯದು 154 ಸೆಂ.ಮೀ. ಉದ್ದದ, ಮೂತಿ ಬಾಲ ಎರಡೂ ಒಂದೇ ಆಕಾರದ ಟ್ವಿನ್, ಪೂರ್ತಿ ಕ್ಯಾಂಬರ್, ಅಂದರೆ ನೆಲಕ್ಕಿಟ್ಟಾಗ ನಡುಭಾಗ ಕಮಾನಿನಂತೆ ಮೇಲೇಳುವಂಥದ್ದು. ಎರಡನೆಯದು 158ರ ಡೈರೆಕ್ಷನಲ್ (ಮೂತಿ ಬಾಲ ಬೇರೆ ಬೇರೆ ಇರುವ) ಹೈಬ್ರಿಡ್: ಮೂತಿಯಲ್ಲಿ ರಾಕರ್ (ಕ್ಯಾಂಬರ್‌ಗೆ ತಿರುಗುಮುರುಗು ಬಾಗು, ತುದಿ ನೆಲದಿಂದ ಮೇಲೇಳುತ್ತದೆ), ಮುಂಗಾಲಿನಿಂದ ಬಾಲದವರೆಗೆ ಕ್ಯಾಂಬರ್, ನಿಲ್ಲುವ ಜಾಗ 20 ಮಿ.ಮೀ. ಹಿಂದಕ್ಕೆ, ಗಡಸುತನ ಹತ್ತಕ್ಕೆ ಆರು. ಮೂರನೆಯದು ಪಾದಗಳ ನಡುವೆ ರಾಕರ್ ಇರುವ 156ರ ಮೆದು ಬೋರ್ಡ್, ಅದನ್ನು ಗುಲ್ಮರ್ಗ್‌ನಲ್ಲೇ ಬಾಡಿಗೆಗೆ ತೆಗೆದುಕೊಂಡದ್ದು.

ಎರಡನೆಯ ದಿನ: ಅಂಗಡಿಯಲ್ಲಿ ಅಳತೆ, ಗಟ್ಟಿ ಹಿಮದಲ್ಲಿ ಪರೀಕ್ಷೆ

ಬಾಡಿಗೆ ಅಂಗಡಿಗೆ ಹೋದರೆ ಮೊದಲು ಕೇಳುವುದು, ‘ಸಾಬ್, ನಿಮ್ಮ ಎತ್ತರ ಎಷ್ಟು?’ ಗದ್ದಕ್ಕೂ ಮೂಗಿಗೂ ಬೋರ್ಡ್ ಹಿಡಿದು ಅಳೆಯುವ ಹಳೆಯ ಪದ್ಧತಿ ಇನ್ನೂ ಹೋಗಿಲ್ಲ. ಕೇಳದಿದ್ದರೂ ನಿಮ್ಮ ತೂಕ ಹೇಳಿ. ಬೋರ್ಡ್ ಬಾಗುವುದು ತೂಕಕ್ಕೆ, ಎತ್ತರಕ್ಕಲ್ಲ. 70 ಕೆ.ಜಿ.ಯವರಿಗೆ ಎಲ್ಲ ಬಗೆಯ ಹಿಮದಲ್ಲಿ ಓಡಿಸಲು 154ರಿಂದ 158 ಸರಿಹೋಗುತ್ತದೆ. ಬೆನ್ನಿಗೆ ಹಿಮಕುಸಿತದ ಸಾಮಾನು, ನೀರು, ಸಲಿಕೆ ಸೇರಿ 6-7 ಕೆ.ಜಿ. ಇದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎರಡು ಅಳತೆಗಳ ನಡುವೆ ಸಿಕ್ಕಿಕೊಂಡವರು ಗುಲ್ಮರ್ಗ್‌ನಲ್ಲಿ ದೊಡ್ಡದನ್ನೇ ತೆಗೆದುಕೊಳ್ಳಲಿ.

ಆದರೆ ಉದ್ದಕ್ಕಿಂತ ಮೊದಲು ನೋಡಬೇಕಾದದ್ದು ನಡುವಿನ ಅಗಲ. ಇದನ್ನು ಬಿಟ್ಟವರು ಹಣ ಕಳೆದುಕೊಳ್ಳುತ್ತಾರೆ. ಲೆಕ್ಕ ಸುಲಭ. ಬ್ರಿಟಿಷ್ ಅಳತೆಯ 8ನೇ ನಂಬರ್ ಬೂಟು ಎಂದರೆ ಮಾಂಡೋ (ಸೆಂ.ಮೀ.ನಲ್ಲಿ ಪಾದದ ಉದ್ದ) 27. ಹೊರಗಿನ ಅಟ್ಟೆ ಪಾದಕ್ಕಿಂತ ಸುಮಾರು 3 ಸೆಂ.ಮೀ. ಉದ್ದ, ಅಂದರೆ 300 ಮಿ.ಮೀ. ಬೈಂಡಿಂಗನ್ನು 15 ಡಿಗ್ರಿ ತಿರುಗಿಸಿದರೆ ಬೋರ್ಡಿಗೆ ಅಡ್ಡಲಾಗಿ ಬೂಟು 290 ಮಿ.ಮೀ. ಜಾಗ ಹಿಡಿಯುತ್ತದೆ. ನಡುವಿನ ಅಗಲ 252 ಇರುವ ಬೋರ್ಡ್, ಪಾದ ನಿಲ್ಲುವ ಜಾಗದಲ್ಲಿ ಸುಮಾರು 262 ಇರುತ್ತದೆ. ಉಳಿದ 28 ಮಿ.ಮೀ. ಎರಡು ಬದಿಗೆ ಹಂಚಿದರೆ ಬೆರಳ ಕಡೆ 14, ಹಿಮ್ಮಡಿ ಕಡೆ 14. ಇದು ಸರಿಯಾದ ಅಳತೆ. ಅದೇ ಬೋರ್ಡಿಗೆ 10ನೇ ನಂಬರ್ ಬೂಟು ಹಾಕಿದರೆ ಎರಡೂ ಬದಿ 23 ಮಿ.ಮೀ. ಹೊರಚಾಚುತ್ತದೆ. ಗಟ್ಟಿ ಹಿಮದಲ್ಲಿ ಬೋರ್ಡನ್ನು ಚೆನ್ನಾಗಿ ವಾಲಿಸಿದ ಕ್ಷಣ ಬೂಟಿನ ತುದಿ ನೆಲಕ್ಕೆ ಉಜ್ಜಿ, ಅಂಚು ಹಿಮದಿಂದ ಕಿತ್ತು ಬರುತ್ತದೆ, ಸವಾರ ಜಾರುತ್ತಾನೆ. ಇಂಥವರು 260ರಿಂದ 265 ಅಗಲದ ವೈಡ್ ಬೋರ್ಡ್ ಹುಡುಕಬೇಕು. ಹಾಗೆಂದು 7ನೇ ನಂಬರಿನವರು ವೈಡ್ ತೆಗೆದುಕೊಂಡರೆ ಒಂದು ಅಂಚಿನಿಂದ ಇನ್ನೊಂದಕ್ಕೆ ತಿರುಗಿಸಲು ಕಾಲು ಸೋಲುತ್ತದೆ.

ಇನ್ನೊಂದು ಪರೀಕ್ಷೆಗೆ ಒಂದು ಹಾಳೆ ಸಾಕು. ಬೋರ್ಡನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ಹಾಳೆಯನ್ನು ಮೂತಿಯ ಕಡೆಯಿಂದ ತಳದಡಿಗೆ ನಿಧಾನವಾಗಿ ತಳ್ಳಿ. ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಬೋರ್ಡ್ ನೆಲಕ್ಕೆ ತಾಗಿದೆ. ಪೂರ್ತಿ ಕ್ಯಾಂಬರ್‌ನಲ್ಲಿ ಹಾಳೆ ಮೂತಿಯ ಹತ್ತಿರವೇ ತಡೆಯುತ್ತದೆ, ನಡುವೆ ಕೆಲವು ಮಿ.ಮೀ. ಕಮಾನು ಕಾಣುತ್ತದೆ. ಹೈಬ್ರಿಡ್‌ನಲ್ಲಿ ಹಾಳೆ ಮುಂಗಾಲಿನ ಬೈಂಡಿಂಗ್ ಕಡೆಗೆ ಇನ್ನಷ್ಟು ಒಳಕ್ಕೆ ಹೋಗುತ್ತದೆ. ರಾಕರ್‌ನಲ್ಲಿ ಎರಡೂ ಕಡೆಯಿಂದ ಹಾಳೆ ಪಾದಗಳ ನಡುವಿನ ತನಕ ಬರುತ್ತದೆ. ಹಳೆಯ ಕ್ಯಾಂಬರ್ ಬೋರ್ಡಿನಲ್ಲಿ ಕಮಾನೇ ಕಾಣದಿದ್ದರೆ ಅದರ ಜೀವ ಮುಗಿದಿದೆ ಎಂದರ್ಥ. ಬಾಡಿಗೆ ಬೋರ್ಡಿಗೆ ಇದರ ಜೊತೆಗೆ ಇನ್ನೂ ಮೂರು ನೋಡಿ: ಲೋಹದ ಅಂಚಿನಲ್ಲಿ ಬಿರುಕು, ಪದರಗಳು ಬಿಟ್ಟುಕೊಂಡಿರುವ ಬಾಲ, ಬೈಂಡಿಂಗ್ ಪಟ್ಟಿಯ ಸವೆದ ಹಲ್ಲು.

ಮಧ್ಯಾಹ್ನ ಊರ ಪಕ್ಕದ ಚಿಕ್ಕ ಇಳಿಜಾರುಗಳಲ್ಲಿ ಓಡಿಸಿ ನೋಡಿದ್ದಾಯಿತು. ಹಿಂದಿನ ದಿನ ಜನ ತುಳಿದದ್ದು ರಾತ್ರಿ ಹೆಪ್ಪುಗಟ್ಟಿ, ನೆರಳಿನ ಕಡೆ ಇನ್ನೂ ಕಲ್ಲಿನಂತಿತ್ತು. ಕ್ಯಾಂಬರ್ ಟ್ವಿನ್ ಇಲ್ಲಿ ಅರಸ: ತೂಕ ಹಾಕಿದೊಡನೆ ಅಂಚು ಉದ್ದಕ್ಕೂ ಕಚ್ಚುತ್ತದೆ. ಹೈಬ್ರಿಡ್ ಅದಕ್ಕೆ ತುಸು ಹಿಂದೆ. ರಾಕರ್ ಮಾತ್ರ ಎರಡು ಪಾದಗಳ ನಡುವೆ ಬುಗುರಿಯಂತೆ ತಿರುಗುತ್ತದೆ, ತಿರುವಿನ ಕೊನೆಯಲ್ಲಿ ಬಾಲ ಕೊಚ್ಚಿಕೊಂಡು ಹೋಗುತ್ತದೆ. ಹೊಸದಾಗಿ ಕಲಿಯುವವರಿಗೆ ಅಂಚು ಸಿಕ್ಕಿ ಮುಗ್ಗರಿಸುವುದು ಕಡಿಮೆಯಾದ್ದರಿಂದ ಅದು ಹಿತವೆನಿಸುತ್ತದೆ. ಬೆಟ್ಟದ ನೆತ್ತಿಗೆ ಹೋಗುವವರಿಗೆ ಅಲ್ಲ.

ಮೂರನೆಯ ದಿನ: ಹಿಮ ಸುರಿಯುವಾಗ

ಪಶ್ಚಿಮದಿಂದ ಬರುವ ಮಾರುತದ ಕ್ಷೋಭೆ ರಾತ್ರಿಯೇ ತಲುಪಿತ್ತು. ಬೆಳಿಗ್ಗೆ ಮೊಣಕಾಲ ತನಕ ಹೊಸ ಹಿಮ. ಇಂಥ ದಿನ ಬೆಟ್ಟ ಹತ್ತಿಸುವ ಕೇಬಲ್ ಕಾರ್ ಗೊಂಡೋಲಾದ ಎರಡನೇ ಹಂತ ಮುಚ್ಚಿರುತ್ತದೆ. ಗುಲ್ಮರ್ಗ್‌ನ 2,650 ಮೀಟರ್‌ನಿಂದ ಸುಮಾರು 3,080 ಮೀಟರ್‌ನ ಕೊಂಗ್ಡೂರಿಗೆ ಹೋಗುವ ಮೊದಲ ಹಂತ ಶುರುವಾದದ್ದು 1998ರಲ್ಲಿ. ಅದು ನಡೆಯುತ್ತಿದ್ದರೆ ಕೆಳಗಿನ ಫರ್ ಮರಗಳ ನಡುವೆ ಇಳಿಯಬಹುದು. ಬೆಳಕು ಮಂಕಾದಾಗ ಬೆಟ್ಟದ ಬಯಲು ಭಾಗದಲ್ಲಿ ಏರು ಇಳಿವು ಕಣ್ಣಿಗೆ ತಿಳಿಯುವುದೇ ಇಲ್ಲ, ಮರಗಳಿದ್ದರೆ ಆಳ ಅಂದಾಜಾಗುತ್ತದೆ.

ಎಲ್ಲರೂ ಕನಸು ಕಾಣುವ ಪುಡಿಹಿಮ ಇದೇ. ಬೋರ್ಡ್ ಕೊಳ್ಳುವವರು ದಾರಿ ತಪ್ಪುವುದೂ ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ. ಇಷ್ಟು ಹಗುರ ಹಿಮದಲ್ಲಿ ಮೂರೂ ಬೋರ್ಡ್ ನಡೆದವು. ವ್ಯತ್ಯಾಸ ಇದ್ದದ್ದು ಹಿಂಗಾಲಿನ ತೊಡೆಯ ನೋವಿನಲ್ಲಿ. ಟ್ವಿನ್‌ನ ಮೂತಿ ಮುಳುಗದಂತೆ ಹಿಂದಕ್ಕೆ ವಾಲಿಯೇ ಇರಬೇಕು. ಅದಕ್ಕೆ ಪರಿಹಾರ ಇದೆ: ಬೈಂಡಿಂಗ್‌ಗಳೆರಡನ್ನೂ ಒಂದೊಂದು ತೂತು ಹಿಂದಕ್ಕೆ ಸರಿಸುವುದು. ತೂತುಗಳ ನಡುವೆ 2 ಸೆಂ.ಮೀ. ಇರುವ ಬೋರ್ಡಿನಲ್ಲಿ 2 ಅಥವಾ 4 ಸೆಂ.ಮೀ. ಹಿಂದೆ ಸರಿದರೆ ಮೂತಿ ತಾನೇ ಎದ್ದು ನಿಲ್ಲುತ್ತದೆ. ತೂತುಗಳ ಬದಲು ಉದ್ದಕ್ಕೂ ಸೀಳು ಇರುವ ಬೋರ್ಡ್‌ಗಳಲ್ಲಿ ಎಷ್ಟು ಬೇಕೋ ಅಷ್ಟೇ ಸರಿಸಬಹುದು, ಆದರೆ ಬೈಂಡಿಂಗನ್ನು ಅದಕ್ಕೆ ಬಿಗಿಯುವ, ಹೊಂದುವ ಡಿಸ್ಕ್ ನಿಮ್ಮ ಬೈಂಡಿಂಗ್ ಜೊತೆ ಬಂದಿದೆಯೇ ಎಂದು ಊರಿನಲ್ಲೇ ನೋಡಿಕೊಳ್ಳಿ. ಗುಲ್ಮರ್ಗ್‌ನಲ್ಲಿ ಅದನ್ನು ಹುಡುಕುವುದು ಕಷ್ಟ.

ಮರಗಳ ನಡುವೆ 154 ಚುರುಕಾಗಿತ್ತು ಎಂಬುದು ನಿಜ. ಅಂಚಿನ ಬಾಗು 7 ಮೀಟರ್ ತ್ರಿಜ್ಯದ್ದಾದರೆ ಇಕ್ಕಟ್ಟಿನಲ್ಲಿ ತಿರುಗುತ್ತದೆ, 8.5 ಮೀಟರ್‌ಗೂ ಮೇಲಿದ್ದರೆ ವೇಗವಾಗಿ ದೊಡ್ಡ ತಿರುವು ಹಾಕುವವರಿಗೆ. ನಡುವಿನ 7.5ರಿಂದ 8 ಎಲ್ಲದಕ್ಕೂ ಆಗುತ್ತದೆ. ಮರದ ಬುಡದಲ್ಲಿ ಕೊಂಬೆಗಳ ಕೆಳಗೆ ಹಿಮ ಸಡಿಲವಾಗಿ ಬಾವಿಯಂತಿರುತ್ತದೆ, ತಲೆಕೆಳಗಾಗಿ ಬಿದ್ದರೆ ಒಬ್ಬರೇ ಏಳಲಾಗುವುದಿಲ್ಲ. ಜೊತೆಗಾರ ಕಣ್ಣಿಗೆ ಕಾಣುವಷ್ಟು ಹತ್ತಿರ ಇರಲೇಬೇಕು.

ನಾಲ್ಕನೆಯ ದಿನ: ಗಾಳಿ, ಮುಚ್ಚಿದ ಗೊಂಡೋಲಾ, ರಿಪೇರಿ

ಹಿಮ ನಿಂತರೂ ಗಾಳಿ ನಿಲ್ಲಲಿಲ್ಲ. ಕೋಣೆ ಕಾಯಿಸುವ ಒಲೆ ಬುಖಾರಿಯ ಪಕ್ಕದಲ್ಲಿ ಕೂತು ಬೋರ್ಡ್‌ಗಳ ಆರೈಕೆ. ಇದೂ ಆಯ್ಕೆಯ ಭಾಗವೇ, ಏಕೆಂದರೆ ಎಂಥ ತಳ, ಎಂಥ ಅಂಚು ಕೊಳ್ಳಬೇಕು ಎಂಬುದು ರಿಪೇರಿಯ ಹೊತ್ತಿಗೇ ಅರ್ಥವಾಗುತ್ತದೆ.

ತಳದಲ್ಲಿ ಎರಡು ಜಾತಿ. ಎಕ್ಸ್‌ಟ್ರೂಡೆಡ್ ತಳ ಅಗ್ಗ, ಮೇಣ ಕಡಿಮೆ ಹೀರುತ್ತದೆ, ಗೀರು ಬಿದ್ದರೆ ಪಿ-ಟೆಕ್ಸ್ ಎಂಬ ಪ್ಲಾಸ್ಟಿಕ್ ಕಡ್ಡಿ ಕರಗಿಸಿ ತುಂಬುವುದು ಸುಲಭ. ಸಿಂಟರ್ಡ್ ತಳ ಗಟ್ಟಿ, ಮೇಣ ಹೀರಿ ವೇಗವಾಗಿ ಓಡುತ್ತದೆ, ಆದರೆ ಮೇಣ ಹಾಕದೆ ಬಿಟ್ಟರೆ ಎಕ್ಸ್‌ಟ್ರೂಡೆಡ್‌ಗಿಂತಲೂ ನಿಧಾನ. ಅಂಚಿನ ಪಕ್ಕದಲ್ಲಿ ತಳ ಬೂದಿ ಬಣ್ಣಕ್ಕೆ ತಿರುಗಿ ನಾರು ನಾರಾಗಿ ಕಂಡರೆ ಮೇಣ ಒಣಗಿದೆ ಎಂದೇ. ಗುಲ್ಮರ್ಗ್‌ನಲ್ಲಿ ಸಮತಟ್ಟು ಹಾದಿಗಳು ಬಹಳ. ಸ್ಕೀಯವರಿಗೆ ಕೋಲಿದೆ, ಬೋರ್ಡಿನವರಿಗೆ ವೇಗವೇ ಗತಿ. ಆದ್ದರಿಂದ ಸಿಂಟರ್ಡ್ ತೆಗೆದುಕೊಂಡು ಎರಡು ಮೂರು ದಿನಕ್ಕೊಮ್ಮೆ ಮೇಣ ಹಾಕುವುದೇ ಲೇಸು.

ಮೇಣ ಹಾಕುವ ಇಸ್ತ್ರಿಯಿಂದ ಹೊಗೆ ಬಂದರೆ ಕಾವು ಹೆಚ್ಚಾಯಿತು. ಇಸ್ತ್ರಿಯನ್ನು ಒಂದೇ ಕಡೆ ನಿಲ್ಲಿಸದೆ ಮೂತಿಯಿಂದ ಬಾಲದ ಕಡೆಗೆ ಸರಿಸುತ್ತಾ, ಬೋರ್ಡಿನ ಮೇಲ್ಭಾಗ ಅಂಗೈಗೆ ಬೆಚ್ಚಗೆ ತಾಗುವಷ್ಟಾದರೆ ಸಾಕು. ಅರ್ಧ ಗಂಟೆ ಆರಲು ಬಿಟ್ಟು, ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು, ನೈಲಾನ್ ಬ್ರಷ್ ಉಜ್ಜಬೇಕು. ನೆತ್ತಿಯಲ್ಲಿ ಮೈನಸ್ 12ಕ್ಕಿಂತ ಕೆಳಗಿದ್ದರೆ ಚಳಿಗೆಂದೇ ಮಾಡಿದ ಗಡಸು ಮೇಣ ಬೇಕು. ಮೆದು ಮೇಣ ಹಾಕಿದರೆ ಚೂಪಾದ ಹಿಮದ ಹರಳುಗಳು ಅದಕ್ಕೆ ಚುಚ್ಚಿಕೊಂಡು ಬೋರ್ಡನ್ನು ತಡೆಯುತ್ತವೆ.

ಅಂಚಿನ ವಿಷಯ. ಉಗುರನ್ನು ಅಂಚಿನ ಮೇಲೆ ಅಡ್ಡಲಾಗಿ ಎಳೆದರೆ ಉಗುರಿನ ಸಣ್ಣ ಪುಡಿ ಏಳಬೇಕು. ಏಳದಿದ್ದರೆ ಮೊಂಡಾಗಿದೆ. ಬಂಡೆಗೆ ಬಡಿದ ಜಾಗದಲ್ಲಿ ಉಕ್ಕು ಇನ್ನಷ್ಟು ಗಡುಸಾಗಿರುತ್ತದೆ, ಅಲ್ಲಿ ಅರ ಜಾರುತ್ತದೆ, ಅರದ ಹಲ್ಲೇ ಹಾಳು. ಮೊದಲು ಡೈಮಂಡ್ ಕಲ್ಲಿನಿಂದ ಆ ಗಂಟನ್ನು ತೆಗೆದು, ಆಮೇಲೆ 89 ಡಿಗ್ರಿ ಗೈಡ್ ಇಟ್ಟು ಅರ ಹಾಕಬೇಕು. ಮೂತಿ ಬಾಲಗಳಲ್ಲಿ ನೆಲಕ್ಕೆ ತಾಗದ ಭಾಗವನ್ನು ರಬ್ಬರ್ ಕಲ್ಲಿನಿಂದ ತುಸು ಮೊಂಡು ಮಾಡಿದರೆ ಪುಡಿಹಿಮದಲ್ಲಿ ಎಲ್ಲೆಂದರಲ್ಲಿ ಸಿಕ್ಕಿಕೊಳ್ಳುವುದಿಲ್ಲ. ನಮ್ಮ ಹೈಬ್ರಿಡ್‌ಗೆ ಅಂಚು ನೇರವಾಗಿರದೆ ಅಲೆಯಲೆಯಾಗಿತ್ತು. ಈ ಅಲೆ ಹೆಪ್ಪುಹಿಮದಲ್ಲಿ ಒಂದರ ಬದಲು ಹಲವು ಕಡೆ ಕಚ್ಚುವಂತೆ ಮಾಡುತ್ತದೆ. ರಾಕರ್ ಇರುವ ಬೋರ್ಡ್ ಬಯಸುವವರು ಇಂಥ ಅಂಚು ಇರುವುದನ್ನೇ ನೋಡಲಿ.

ಬೈಂಡಿಂಗ್ ಸ್ಕ್ರೂಗಳು ಎಂ6. ಅದಕ್ಕೆ 3ನೇ ನಂಬರಿನ ದಪ್ಪ ಫಿಲಿಪ್ಸ್ ಬಿಟ್ ಬೇಕು. ಮನೆಯ 2ನೇ ನಂಬರ್ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ತಲೆ ಸವೆದು, ಆಮೇಲೆ ಬಿಚ್ಚಲೂ ಆಗದು, ಬಿಗಿಯಲೂ ಆಗದು. ಮಾಮೂಲಿ ಉದ್ದ 16 ಮಿ.ಮೀ. ಅದಕ್ಕಿಂತ ಉದ್ದದ್ದು ಹಾಕಿದರೆ ತಳದಲ್ಲಿ ಉಬ್ಬು ಏಳುತ್ತದೆ. ಮೊದಲ ಇಳಿತದ ನಂತರ ಎಲ್ಲ ಎಂಟನ್ನೂ ಮತ್ತೊಮ್ಮೆ ಬಿಗಿಯಿರಿ.

ಐದನೆಯ ದಿನ: ಅಫರ್ವತ್

ಬೆಳಿಗ್ಗೆ ಆಕಾಶ ತಿಳಿಯಾಗಿತ್ತು. ಸ್ಕೀ ಪ್ಯಾಟ್ರೋಲ್‌ನವರು ಮೇಲಿನ ಇಳಿಜಾರುಗಳಲ್ಲಿ ಹಿಮಕುಸಿತ ತಡೆಯುವ ಕೆಲಸ ಮುಗಿಸಿದ ಮೇಲೆ ಎರಡನೇ ಹಂತ ತೆರೆಯಿತು. 2005ರಿಂದ ನಡೆಯುತ್ತಿರುವ ಈ ಹಂತ ಅಫರ್ವತ್ ಬೆಟ್ಟದ ಸುಮಾರು 3,950 ಮೀಟರ್‌ಗೆ ಬಿಡುತ್ತದೆ. ಅಲ್ಲಿಂದ ಗುಲ್ಮರ್ಗ್ ತನಕ 1,300 ಮೀಟರ್ ಇಳಿತ. ಪ್ಯಾಟ್ರೋಲ್ ಗುರುತು ಮಾಡಿದ ಬೋಗುಣಿಯಂಥ ಇಳಿಜಾರಿನ ಹೊರಗೆ ಯಾರ ಹೊಣೆಯೂ ಇಲ್ಲ. ಹೂತವರನ್ನು ಪತ್ತೆಹಚ್ಚುವ 457 ಕಿಲೋಹರ್ಟ್ಸ್ ಬೀಕನ್, ಸಲಿಕೆ, ಹಿಮಕ್ಕೆ ಚುಚ್ಚಿ ಹುಡುಕುವ ಕೋಲು ಪ್ರೋಬ್ ಈ ಮೂರೂ ಪ್ರತಿಯೊಬ್ಬರ ಬಳಿ ಇರಬೇಕು, ಬಳಸಲು ಬರಬೇಕು. ಹೂತವರನ್ನು ಮೊದಲ 15 ನಿಮಿಷದೊಳಗೆ ತೆಗೆದರೆ ಬದುಕುವ ಸಾಧ್ಯತೆ ಹೆಚ್ಚು, ಆಮೇಲೆ ಅದು ಬೇಗ ಬೇಗ ಕುಸಿಯುತ್ತದೆ. ಗಾಳಿ ಒಂದು ದಿನವಿಡೀ ಬೀಸಿದ ಮರುದಿನ ಗಾಳಿಮರೆಯ ಇಳಿಜಾರಿನಲ್ಲಿ ಹಲಗೆಯಾಗಿ ಕೂತ ಹಿಮ ಅತಿ ಅಪಾಯದ್ದು.

ಈ ಒಂದೇ ಇಳಿತದಲ್ಲಿ ಬೋರ್ಡಿನ ಬಣ್ಣ ಬಯಲಾಗುತ್ತದೆ. ನೆತ್ತಿಯಲ್ಲಿ ಗಾಳಿ ಉಜ್ಜಿ ಉಜ್ಜಿ ಅಲೆಗಳಂತೆ ಗಟ್ಟಿಯಾದ ಹಿಮ. ಅದರ ಮೇಲೆ ಮೆದು ರಾಕರ್ ತಡಬಡ ಅದುರುತ್ತದೆ, ಅಂಗಾಲಿನಿಂದ ಮಂಡಿಯ ತನಕ ಅದು ಏರುತ್ತದೆ, ಕಣ್ಣಿನ ಮುಂದಿನ ದೃಶ್ಯವೇ ಕದಲುತ್ತದೆ. ಬೋರ್ಡ್ ಉದ್ದಕ್ಕೆ ಎಷ್ಟು ಬಾಗುತ್ತದೆ ಎನ್ನುವುದಕ್ಕಿಂತ ಇಲ್ಲಿ ಮುಖ್ಯವಾಗುವುದು ಅದು ಎಷ್ಟು ತಿರುಚಿಕೊಳ್ಳುತ್ತದೆ ಎನ್ನುವುದು. ತಿರುಚಿದರೆ ಮುಂಗಾಲಿನ ಅಂಚು ಕಚ್ಚಿದಾಗ ಹಿಂಗಾಲಿನದು ಬಿಟ್ಟಿರುತ್ತದೆ. ಗಾಜಿನ ನಾರನ್ನು ಎರಡು ದಿಕ್ಕಿನಲ್ಲಿ ನೇಯ್ದ ಬೋರ್ಡ್ ಮೆದು, ಮೂರು ದಿಕ್ಕಿನಲ್ಲಿ ನೇಯ್ದದ್ದು ತಿರುಚುವುದಕ್ಕೆ ಒಗ್ಗುವುದಿಲ್ಲ. ಕೊಳ್ಳುವಾಗ ಕಂಪನಿ ಹೇಳುವ ಗಡಸುತನದ ಅಂಕಿಯನ್ನಷ್ಟೇ ನಂಬಬೇಡಿ. ಮೂತಿಯನ್ನೂ ಬಾಲವನ್ನೂ ಹಿಡಿದು ಒದ್ದೆ ಬಟ್ಟೆ ಹಿಂಡುವಂತೆ ತಿರುಚಿ ನೋಡಿ.

ನೆತ್ತಿಯಿಂದ ಸ್ವಲ್ಪ ಕೆಳಗೆ ಮರೆಯ ಭಾಗದಲ್ಲಿ ಎರಡು ದಿನದ ಪುಡಿಹಿಮ ಉಳಿದಿತ್ತು. ಹೈಬ್ರಿಡ್ ಇಲ್ಲಿ ಮೂತಿ ಎತ್ತಿ ತೇಲಿತು. ಸವಾರ ನಡುವೆ ನಿಂತೇ ಇದ್ದ, ಹಿಂದೆ ವಾಲುವ ಅಗತ್ಯವೇ ಬೀಳಲಿಲ್ಲ. ಅಲ್ಲಿಂದ ಇಳಿದು ಬಿಸಿಲಿಗೆ ಬಿದ್ದ ಭಾಗ ತಲುಪಿದರೆ ಪೊರೆ ಕಟ್ಟಿದ ಹಿಮ: ಮೇಲೆ ಎರಡು ಮೂರು ಸೆಂ.ಮೀ. ಗಟ್ಟಿ, ಅಡಿಯಲ್ಲಿ ಮೆದು. ಎಲ್ಲಕ್ಕಿಂತ ಕೆಟ್ಟದ್ದು ಇದೇ. ಪೊರೆ ಒಡೆಯುತ್ತದೋ ಇಲ್ಲವೋ ಮುಂಚೆ ಗೊತ್ತಾಗುವುದಿಲ್ಲ. ಟ್ವಿನ್‌ನ ಮೂತಿ ಪೊರೆಯ ಅಡಿಗೆ ನುಗ್ಗಿ ಸವಾರನನ್ನು ಮುಂದಕ್ಕೆ ಎಸೆಯುತ್ತದೆ. ರಾಕರ್‌ನ ಮೂತಿ ಮೇಲೇ ಇರುತ್ತದೆ, ಆದರೆ ಬಾಲ ಹಿಡಿತ ತಪ್ಪುತ್ತದೆ. ಇಲ್ಲಿ ಎರಡೂ ಕಾಲಿಗೆ ಸಮ ತೂಕ ಹಾಕಿ, ಬೋರ್ಡನ್ನು ಅಡ್ಡ ಜಾರಿಸದೆ, ಉದ್ದನೆಯ ದುಂಡು ತಿರುವು ಹಾಕಬೇಕು. ಅದಕ್ಕೆ ಎತ್ತಿದ ಮೂತಿ ಮತ್ತು ಗಟ್ಟಿ ಬಾಲ ಎರಡೂ ಒಂದೇ ಬೋರ್ಡಿನಲ್ಲಿ ಇರಬೇಕು.

ಕೊಂಗ್ಡೂರಿಯಿಂದ ಕೆಳಗಿನ ಹಾದಿಯಲ್ಲಿ ಸಂಜೆಯ ಹೊತ್ತಿಗೆ ನೂರಾರು ಜನ ಓಡಾಡಿ ಕೊರೆದ ತಗ್ಗುಗಳು, ಹೆಪ್ಪುಗಟ್ಟಿದ ಮುದ್ದೆಗಳು. ತೊಡೆ ಸೋತಿರುವ ಹೊತ್ತು. ಕ್ಯಾಂಬರ್ ಟ್ವಿನ್ ಇಲ್ಲಿ ಮತ್ತೆ ಮೇಲುಗೈ ಪಡೆಯಿತು, ಹೈಬ್ರಿಡ್ ಅದರ ಪಕ್ಕದಲ್ಲೇ ಇತ್ತು.

ನಮ್ಮ ತೀರ್ಮಾನ ಇಲ್ಲೇ ಗಟ್ಟಿಯಾಯಿತು: ಒಂದೇ ಬೋರ್ಡ್ ಕೊಳ್ಳುವವರು ಅದನ್ನು ಪುಡಿಹಿಮಕ್ಕಾಗಿ ಆರಿಸಬಾರದು. ನೆತ್ತಿಯ ಗಾಳಿಹಿಮ, ಪೊರೆಹಿಮ, ಸಂಜೆಯ ಹೆಪ್ಪುಹಾದಿ ಈ ಮೂರನ್ನು ತಾಳುವಂಥದ್ದು ಆರಿಸಬೇಕು. ಜೋನ್ಸ್ ಕಂಪನಿಯ ಮೌಂಟನ್ ಟ್ವಿನ್‌ನಂಥ, ಅಲೆ ಅಂಚಿನ ಕ್ಯಾಂಬರ್-ರಾಕರ್ ಬೋರ್ಡ್‌ಗಳು ಈ ಜಾತಿಯವು. ಬರ್ಟನ್ ಕಂಪನಿಯ ಕಸ್ಟಮ್ ಪೂರ್ತಿ ಕ್ಯಾಂಬರ್‌ನಲ್ಲೂ ಸಿಗುತ್ತದೆ, ಫ್ಲೈಯಿಂಗ್ ವಿ ಎಂಬ ರಾಕರ್ ಬೆರೆತ ರೂಪದಲ್ಲೂ ಸಿಗುತ್ತದೆ. ಹೆಸರು ಒಂದೇ ಆದರೂ ಓಡುವ ರೀತಿ ಬೇರೆ, ಆರ್ಡರ್ ಮಾಡುವಾಗ ಇದನ್ನು ಎರಡು ಸಲ ನೋಡಿ.

ಆರನೆಯ ದಿನ: ಬಿಸಿಲು, ಡ್ರಂಗ್ ಕಡೆಗೆ

ಕೆಳಗಿನ ಕಾಡಿನಿಂದ ಡ್ರಂಗ್ ಹಳ್ಳಿಗೆ ಇಳಿದು ಜೀಪಿನಲ್ಲಿ ವಾಪಸಾಗುವ ಹಾದಿ. ಸ್ಥಳೀಯ ಗೈಡ್ ಇಲ್ಲದೆ ಬೇಡ. ಹನ್ನೊಂದರ ನಂತರ ಹಿಮ ಒದ್ದೆಯಾಗಿ ತಳಕ್ಕೆ ಅಂಟತೊಡಗಿತು. ಬಿಸಿಲಿನಿಂದ ನೆರಳಿಗೆ ಬಂದಾಗ ಬೋರ್ಡ್ ಓಡುತ್ತದೆ, ನೆರಳಿನಿಂದ ಬಿಸಿಲಿಗೆ ಬಂದಾಗ ತಟ್ಟನೆ ತಡೆದು ಮುಂದಕ್ಕೆ ತಳ್ಳುತ್ತದೆ, ಆ ಗೆರೆ ದಾಟುವಾಗ ತೂಕ ಹಿಂಗಾಲಿಗಿರಲಿ. ಜೇಬಿನಲ್ಲಿ ಉಜ್ಜುವ ಮೇಣದ ಡಬ್ಬಿ ಇದ್ದರೆ ಅರ್ಧ ದಿನ ಉಳಿಯುತ್ತದೆ. ಕೊನೆಯ ಸಮತಟ್ಟಿನಲ್ಲಿ ಬೋರ್ಡಿನವರಿಗೆ ಮಡಚುವ ಕೋಲು ಬೇಕೇ ಬೇಕು.

ಏಳನೆಯ ದಿನ: ವಾಪಸ್

ಚೀಲಕ್ಕೆ ಹಾಕುವ ಮೊದಲು ಅಂಚು ಒರೆಸಿ, ಬೈಂಡಿಂಗ್ ಬಿಚ್ಚಿ, ಡಿಸ್ಕ್ ಅಡಿಯ ಹಿಮ ತೆಗೆದು ರಾತ್ರಿಯಿಡೀ ಒಣಗಲು ಬಿಟ್ಟದ್ದಾಯಿತು. ಬುಖಾರಿಗೆ ತೀರಾ ಹತ್ತಿರ ಬೇಡ, ಪದರಗಳ ಅಂಟು ಬಿಡುತ್ತದೆ. ಬೂಟಿನ ಒಳಪದರ ಹೊರತೆಗೆದು ಬೇರೆಯೇ ಒಣಗಿಸಿ.

ಹೊಸ ಬೋರ್ಡ್ ಕೊಳ್ಳಲು ಒಳ್ಳೆಯ ಕಾಲ ಮಾರ್ಚ್, ಏಪ್ರಿಲ್. ಅಮೆರಿಕ, ಕೆನಡಾ, ಯುರೋಪಿನ ಅಂಗಡಿಗಳು ಹಂಗಾಮು ಮುಗಿಯುವಾಗ ದಾಸ್ತಾನು ಇಳಿಸುತ್ತವೆ. ಅಲ್ಲಿರುವ ಅಣ್ಣನೋ ಅಕ್ಕನೋ ಬೇಸಿಗೆ ರಜೆಗೆ ಊರಿಗೆ ಬರುವವರಿದ್ದರೆ ತರಿಸಿಕೊಳ್ಳಬಹುದು. ಅವರಿಗೆ ಹೇಳಬೇಕಾದದ್ದು ನಿಮ್ಮ ತೂಕ, ಬೂಟಿನ ಮಾಂಡೋ ಅಳತೆ, ಬೇಕಾದ ನಡುವಿನ ಅಗಲ. ಬರೀ ಬ್ರ್ಯಾಂಡ್ ಹೆಸರು ಹೇಳಿದರೆ ಅಂಗಡಿಯಲ್ಲಿ ಉಳಿದ ಅಳತೆ ಬರುತ್ತದೆ, ನಿಮಗೆ ಬೇಕಾದ್ದು ಬರುವುದಿಲ್ಲ.

ಕರ್ನಾಟಕದಲ್ಲಿ, ಅದರಲ್ಲೂ ಮಂಗಳೂರು ಕಾರವಾರದ ಕಡೆ, ಬೋರ್ಡಿನ ಶತ್ರು ಮಳೆಗಾಲದ ತೇವ. ಜೂನ್‌ಗೆ ಮೊದಲೇ ಅಂಚಿನ ತುಕ್ಕನ್ನು ರಬ್ಬರ್ ಕಲ್ಲಿನಿಂದ ತೆಗೆದು, ತಳಕ್ಕೆ ದಪ್ಪಗೆ ಮೇಣ ಹಾಕಿ, ಅದು ಅಂಚಿನ ಮೇಲೂ ಹರಿಯುವಂತೆ ಮಾಡಿ, ಕೆರೆಯದೆ ಹಾಗೇ ಬಿಡಿ. ಜಿಪ್ ಹಾಕಿದ ಚೀಲದಲ್ಲಿ ಇಡಬೇಡಿ, ಹಳೆಯ ಹತ್ತಿ ಬೆಡ್‌ಶೀಟ್ ಸುತ್ತಿ ಮಂಚದಡಿ ಮಲಗಿಸಿ. ಡಿಸೆಂಬರ್‌ನಲ್ಲಿ ಕೆರೆದು, ಬ್ರಷ್ ಹಾಕಿ, ಬೈಂಡಿಂಗ್ ಕೂರಿಸಿ.